ಮೂರನೇ ಹಾಡಿನ ತಾಳ

ಇವತ್ತು ಬೆಳಗ್ಗೆ ಈ ಸೀಸನ್ನಿನ ಮೊದಲ ಹಣ್ಣು ಪಲ್ಪರಿಗೆ ಬಿತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ನಮ್ಮ ಆ ಹಳೇ ಯಂತ್ರ ಎರಡು ಸಲ ಕೆಮ್ಮಿ, ಒಂದು ಸಲ ಮೈ ಕೊಡವಿ, ಆಮೇಲೆ ತನ್ನ ಗತ್ತಿಗೆ ಬಂತು. ಟಕ್, ಟಿಕ್, ಒಂದು ಬಿಡುವು. ಟಕ್, ಟಿಕ್, ಒಂದು ಬಿಡುವು. ಸಿಪ್ಪೆಯ ಹುಳಿ-ಸಿಹಿ ವಾಸನೆ ಮೂಗಿಗೆ ಹೊಡೆಯಿತು. ಬೇರೆ ಬೆಳೆಗಾರರಿಗೆ ಈ ವಾಸನೆ ಬಂದರೆ ಖುಷಿ. ನನಗೆ ಮಾತ್ರ ಎರಡೂ ಕಿವಿ ಬಿಸಿಯಾದವು. ಬಿಸಿಲಿಗಲ್ಲ ಸ್ವಾಮಿ, ನಾಚಿಕೆಗೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ಪೋಸ್ಟುಗಳನ್ನು ಓದುವವರಿಗೆ ನನ್ನ ಸ್ವಭಾವ ಗೊತ್ತು. ಬಣಕಲ್ ಹತ್ತಿರ ಹತ್ತು ಎಕರೆ ಕಾಫಿ, ನೂರು ಎಕರೆ ಬಾಯಿ. ಕಡಜ ಕಚ್ಚಿದರೂ ಒಂದು ಪೋಸ್ಟು, ಕಚ್ಚದೆ ಹೋದರೆ ಅದರ ದೊಡ್ಡತನದ ಮೇಲೆ ಇನ್ನೊಂದು ಪೋಸ್ಟು. ಇಂಥ ಮನುಷ್ಯನ ಕೈಗೆ ಅಭಿಮಾನಿಗಳ ಗುಂಪೊಂದರ ಅಡ್ಮಿನ್ ಪಟ್ಟ ಸಿಕ್ಕರೆ ಏನಾಗಬೇಕೋ ಅದೇ ಆಯಿತು.

ಯಾರ ಅಭಿಮಾನಿಗಳು ಎಂದು ಕೇಳಬೇಡಿ. ಗಾಯಕರ ಹೆಸರು ಹೇಳಿದರೆ ನಾಳೆ ನಮ್ಮ ಗೇಟಿನ ಮುಂದೆ ಜನ ಸೇರುತ್ತಾರೆ. ನಾವು ಅವರನ್ನು 'ದೊಡ್ಡವರು' ಎನ್ನುತ್ತೇವೆ. ಕ್ಯಾಸೆಟ್ ಕಾಲದಿಂದ ನಮ್ಮನ್ನು ಅಳಿಸಿದವರು, ನಗಿಸಿದವರು, ಕೆಲವರನ್ನು ಮದುವೆ ಆಗುವ ಧೈರ್ಯಕ್ಕೂ ತಳ್ಳಿದವರು. ಹನ್ನೊಂದು ವರ್ಷ ಏನೂ ಹಾಡದೆ ಸುಮ್ಮನಿದ್ದು, ಹೋದ ವರ್ಷ ಇದೇ ಕುಯ್ಲಿನ ಹೊತ್ತಿಗೆ ಎಂಟು ಹಾಡುಗಳ ಹೊಸ ಆಲ್ಬಂ ಬಿಡುತ್ತೇನೆ ಎಂದರು. ಒಂದು ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ.

ಹಮೀದನ ವಿಷಯ ಹೇಳದೆ ಮುಂದೆ ಹೋಗಲಾಗದು. ಕೊಟ್ಟಿಗೆಹಾರದಲ್ಲಿ ಜೀಪು ರಿಪೇರಿ ಗ್ಯಾರೇಜು ಇಟ್ಟುಕೊಂಡಿರುವ ಹಮೀದ್ ನನ್ನ ಮೂವತ್ತೈದು ವರ್ಷದ ಗೆಳೆಯ. ಅವನ ಕಿವಿ ದೇವರು ಕೊಟ್ಟದ್ದು. ಎರಡು ತಿರುವು ಆಚೆ ಜೀಪು ಬರುತ್ತಿದ್ದಾಗಲೇ ತಲೆ ಎತ್ತದೆ, 'ಒಂದು ಸಿಲಿಂಡರ್ ಹೊಡೀತಿಲ್ಲ, ಗೌಡ್ರ ಜೀಪು' ಎನ್ನುತ್ತಿದ್ದ. ಸಿಲಿಂಡರೂ ಸರಿ, ಗೌಡರೂ ಸರಿ. ನಮಗೆ ಇಪ್ಪತ್ತರ ಆಸುಪಾಸು ಇದ್ದಾಗ ಗುಜರಿಗೆ ಬಂದ ಜೀಪಿನಿಂದ ಬಿಚ್ಚಿದ ಒಂದು ಟೇಪ್ ರೆಕಾರ್ಡರು, ಎರಡು ಸ್ಪೀಕರು, ಒಂದು ಬ್ಯಾಟರಿ, ಇವಿಷ್ಟನ್ನು ಸೇರಿಸಿ ಅವನು ಗ್ಯಾರೇಜಿನ ಮೂಲೆಯಲ್ಲಿ ಸಂಗೀತ ಸಭೆ ಕಟ್ಟಿದ್ದ. ದೊಡ್ಡವರ ಹೊಸ ಕ್ಯಾಸೆಟ್ಟು ಚಿಕ್ಕಮಗಳೂರಿನಿಂದ ಬಸ್ ಕಂಡಕ್ಟರನ ಕೈಲಿ ಬರುತ್ತಿತ್ತು. ಬಂದ ದಿನ ನಾವು ಐದಾರು ಜನ ಟೈರುಗಳ ಮೇಲೆ ಕೂರುತ್ತಿದ್ದೆವು.

ಅಲ್ಲೊಂದು ಕಾನೂನಿತ್ತು. ಎರಡೂ ಬದಿ ಮುಗಿಯುವವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಬದಿ ತಿರುಗಿಸುವಾಗ ಕೆಮ್ಮಬಹುದು, ಅಷ್ಟೆ. ನಡುವೆ ಯಾರಾದರೂ 'ಆಹಾ' ಎಂದರೆ ಹಮೀದ್ ತಿರುಗಿಯೂ ನೋಡದೆ ಬೆರಳು ಹೊರಗೆ ತೋರಿಸುತ್ತಿದ್ದ. ಹೊರಗೆ ಬಕೆಟ್ಟು, ಪೈಪು, ಮತ್ತು ಕೆಸರಾದ ಯಾವುದಾದರೂ ಒಂದು ಜೀಪು. ಅದನ್ನು ತೊಳೆಯುತ್ತ ಹೊರಗಿನಿಂದಲೇ ಉಳಿದ ಹಾಡು ಕೇಳಬೇಕು. ಮೂಡಿಗೆರೆ ತಾಲ್ಲೂಕಿನಲ್ಲಿ ಅತಿ ಹೆಚ್ಚು ಬೇರೆಯವರ ಜೀಪು ತೊಳೆದ ಕಾಫಿ ಬೆಳೆಗಾರ ಯಾರೆಂದು ನಾನು ಬೇರೆ ಹೇಳಬೇಕೆ?

ಕ್ಯಾಸೆಟ್ಟು ಮುಗಿದ ಮೇಲೆ ನಾವೆಲ್ಲ ಒಟ್ಟಿಗೆ ಕಾಗೆ ಥರ ಕಿರುಚುತ್ತಿದ್ದೆವು. ಹಮೀದ್ ಮಾತ್ರ ಕೈ ಒರೆಸಿಕೊಳ್ಳುತ್ತ ಒಂದೇ ವಾಕ್ಯ ಹೇಳುತ್ತಿದ್ದ. 'ಎರಡ್ನೇ ಬದೀದು ಕೊನೇದು ಇನ್ನೊಂದ್ಸಲ ಹಾಕುವ.' ಅದೇ ತೀರ್ಪು. ಅವನು ಇನ್ನೊಂದು ಸಲ ಹಾಕಿದ ಹಾಡನ್ನೇ ನಾವು ಇವತ್ತಿಗೂ ಗುನುಗುತ್ತೇವೆ.

ಈಗ ಹೋದ ವರ್ಷದ ಆ ಸೋಮವಾರಕ್ಕೆ ಬನ್ನಿ. ಗುಂಪಿನಲ್ಲಿ ನೂರಾ ಎಂಬತ್ತು ಜನ. ಹನ್ನೊಂದು ಗಂಟೆಗೆ ಆಲ್ಬಂ ಬಂತು. ಹನ್ನೊಂದು ಗಂಟೆ ಒಂದು ನಿಮಿಷಕ್ಕೆ ಒಬ್ಬರು ತಮ್ಮ ಮುಂಗೈ ಫೋಟೋ ಹಾಕಿ 'ರೋಮಾಂಚನ, ನೋಡಿ' ಎಂದರು. ನೋಡಿದೆ. ರೋಮ ಇತ್ತು. ಮೂರು ನಿಮಿಷಕ್ಕೆ ಮೂಡಿಗೆರೆಯ ನಮ್ಮ ರಿಟೈರ್ಡ್ ಮೇಷ್ಟ್ರು 'ಇದು ಬರಿ ಸಂಗೀತವಲ್ಲ, ಸಾಧನೆಯ ಶಿಖರ' ಎಂದು ಬರೆದರು. ಮೊದಲ ಹಾಡೇ ಆರು ನಿಮಿಷದ್ದು. ಎಸ್ಟೇಟ್ ಮಾಲೀಕರಾದ ಪೂರ್ಣಣ್ಣ ನಾಲ್ಕನೇ ನಿಮಿಷಕ್ಕೆ 'ಎಂಟೂ ಹಾಡು ಕೇಳಿದೆ, ಮಾತೇ ಹೊರಡುತ್ತಿಲ್ಲ' ಎಂದು ಶುರುಮಾಡಿ ನಲವತ್ತು ಸಾಲು ಬರೆದರು. ಮಾತು ಹೊರಡದವರು ಬರೆದಷ್ಟು ಉದ್ದ ಮಾತು ಬಲ್ಲವರು ಬರೆಯುವುದಿಲ್ಲ, ಇದು ನನ್ನ ಅನುಭವ.

ನಗುತ್ತಿದ್ದೀರಾ? ಇರಿ, ನನ್ನ ಸರದಿ ಬಂತು. ಅಡ್ಮಿನ್ ಆದವನು ಹಿಂದೆ ಬಿದ್ದರೆ ಮರ್ಯಾದೆ ಏನು? ನಮ್ಮ ಮನೆ ತಗ್ಗಿನಲ್ಲಿದೆ, ನೆಟ್‌ವರ್ಕ್ ಹತ್ತುವುದಿಲ್ಲ. ಇಡೀ ತೋಟದಲ್ಲಿ ಅದು ಸಿಗುವುದು ಒಂದೇ ಜಾಗದಲ್ಲಿ, ಪಲ್ಪರ್ ಮನೆಯ ಪಕ್ಕದ ನೀರಿನ ತೊಟ್ಟಿಯ ಕಟ್ಟೆ ಮೇಲೆ. ಕಟ್ಟೆ ಹತ್ತಿ ನಿಂತೆ. ಹಿಂದುಗಡೆ ಪಲ್ಪರ್ ಓಡುತ್ತಿತ್ತು. ಮೊದಲೆರಡು ಹಾಡು ಲೋಡಾಗದೆ ಸುತ್ತುತ್ತಲೇ ಇದ್ದವು, ಮೂರನೆಯದು ಹತ್ತಿತು. ಫೋನನ್ನು ಕಿವಿಗೆ ಒತ್ತಿ ಒಂದೂವರೆ ನಿಮಿಷ ಕೇಳಿದೆ. ದೊಡ್ಡವರ ದನಿ, ಅದರ ಹಿಂದೆ ಮೆಲ್ಲಗೆ ಒಂದು ದಪ್ಪ ಪೆಟ್ಟು, ಒಂದು ಸಣ್ಣ ಪೆಟ್ಟು, ಆಮೇಲೊಂದು ಬಿಡುವು. ನನಗೆ ನಿಜವಾಗಿ ಮೈ ಜುಮ್ಮೆಂದಿತು. ಬರೆದೆ: 'ಎಲ್ಲವನ್ನೂ ಬಿಡಿ. ಮೂರನೇ ಹಾಡಿನ ತಾಳ ಕೇಳಿ. ಒಂದು ದಪ್ಪ, ಒಂದು ಸಣ್ಣ, ನಂತರದ ಮೌನ. ಆ ಮೌನದಲ್ಲಿ ದೊಡ್ಡವರ ಹನ್ನೊಂದು ವರ್ಷ ಇದೆ.'

ಐದು ನಿಮಿಷದಲ್ಲಿ ಮೂವತ್ತು ಜನ 'ಆ ತಾಳ!' ಎಂದರು. ಮೇಷ್ಟ್ರು 'ಆ ಮೌನಕ್ಕೆ ಕಣ್ಣೀರಾದೆ' ಎಂದರು. ಪೂರ್ಣಣ್ಣ ಅದು ನಮ್ಮ ಕಡೆಯದೇ ಯಾವುದೋ ಬುಡಕಟ್ಟಿನ ಚರ್ಮವಾದ್ಯ ಎಂದು ಗುರುತು ಹಿಡಿದರು. ತಾವು ಚಿಕ್ಕಂದಿನಲ್ಲಿ ಕುದುರೆಮುಖದ ಕಡೆ ಕೇಳಿದ್ದರಂತೆ.

ಆಗ ಹಮೀದನ ಸಂದೇಶ ಬಂತು. ಮಧ್ಯಾಹ್ನ ಹನ್ನೆರಡೂವರೆಗೆ. ಅಂದರೆ ಎಂಟೂ ಹಾಡು ಕೇಳಿ, ಕೈ ತೊಳೆದು, ಬರೆದದ್ದು. 'ಮೂರನೇ ಹಾಡಲ್ಲಿ ತಾಳ ಇಲ್ಲ. ತಂಬೂರಿ ಮಾತ್ರ ಉಂಟು. ದೊಡ್ಡವರಿಗೆ ಉಸಿರು ಸಾಲ್ತಾ ಇಲ್ಲ, ಪಾಪ.'

ಕಡಜದ ಗೂಡಿಗೆ ಕಲ್ಲು ಬಿದ್ದಂತಾಯಿತು. 'ಯಾರ್ರೀ ಇವ್ರು?' 'ಹೊಟ್ಟೆಕಿಚ್ಚು.' 'ಸ್ಪ್ಯಾನರ್ ಹಿಡಿಯೋ ಕೈಗೆ ಶ್ರುತಿ ಎಂತ ಗೊತ್ತು?' ಈ ಕೊನೆಯದನ್ನು ಬರೆದವರು ಮೇಷ್ಟ್ರು. ಅವರ ಸ್ಕೂಟರನ್ನು ಹಮೀದ್ ಎಷ್ಟು ಸಲ ಬದುಕಿಸಿದ್ದಾನೋ ಲೆಕ್ಕವಿಲ್ಲ. ಪೂರ್ಣಣ್ಣ ನನಗೇ ಫೋನು ಮಾಡಿದರು.

'ಏನ್ರೀ ಅಡ್ಮಿನ್ನು, ದೊಡ್ಡವ್ರಿಗೆ ಉಸಿರಿಲ್ಲ ಅಂತಾನಲ್ರೀ ಅವ್ನು. ನೀವು ಬರೆದ ತಾಳಾನೇ ಇಲ್ಲ ಅಂತಾನೆ. ಸುಮ್ನಿರ್ತೀರಾ?'

'ನೀವು ಬರೆದ' ಎಂಬ ಮಾತು ನಾಟಿತು ನೋಡಿ. ದೊಡ್ಡವರ ಉಸಿರಿಗಿಂತ ನನ್ನ ತಾಳ ನನಗೆ ದೊಡ್ಡದಾಯಿತು. ಕಟ್ಟೆಯ ಮೇಲೆ ನಿಂತೇ ಹಮೀದನ ಹೆಸರು ಒತ್ತಿ ಹಿಡಿದು ಗುಂಪಿನಿಂದ ತೆಗೆದುಹಾಕಿದೆ. ಮೂವತ್ತೈದು ವರ್ಷ, ಒಂದು ಹೆಬ್ಬೆರಳು. ಗುಂಪಿನಲ್ಲಿ ಚಪ್ಪಾಳೆಯ ಸಾಲು.

ಸಂಜೆ ಪಲ್ಪರ್ ನಿಂತ ಮೇಲೆ ನನ್ನ ಹೆಂಡತಿ ಸುಮಿತ್ರಾ ಕಟ್ಟೆಗೆ ಬಂದಳು. 'ಎಂತದು ಆ ಹಾಡು, ಬೆಳಗಿಂದ ಕುಣೀತಿದ್ದೀರಿ, ನಂಗೂ ಕೇಳಿಸಿ' ಎಂದಳು. ಹೆಮ್ಮೆಯಿಂದ ಮೂರನೆಯದನ್ನೇ ಹಾಕಿದೆ. ದನಿ ಬಂತು, ತಂಬೂರಿ ಬಂತು. ಪೆಟ್ಟು ಬರಲಿಲ್ಲ. ಫೋನು ಅಲ್ಲಾಡಿಸಿದೆ. ಮತ್ತೆ ಮೊದಲಿಂದ ಹಾಕಿದೆ. ಸುಮಿತ್ರಾ ಒಂದು ನಿಮಿಷ ಕೇಳಿ, ನಿಂತ ಪಲ್ಪರ್ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಮತ್ತೆ ಪಲ್ಪರ್ ಕಡೆ ನೋಡಿದಳು.

'ರೀ, ನೀವು ಹೊಗಳಿದ್ದು ಇದನ್ನಾ?'

ಆ ಹೆಂಗಸು ನಕ್ಕದ್ದಕ್ಕೆ ಅಂಗಳದಲ್ಲಿ ಸಿಪ್ಪೆ ಸುಲಿದು ಒಣಹಾಕಿದ ಕಾಫಿ ಬೀಜ ರಾಶಿ ಮಾಡುತ್ತಿದ್ದವರೆಲ್ಲ ಕೆಲಸ ಬಿಟ್ಟು ಬಂದು ವಿಚಾರಿಸಿದರು. ಅವಳು ಯಾವುದನ್ನೂ ಮುಚ್ಚಿಡುವವಳಲ್ಲ.

ಆಗಲೇ ಒಪ್ಪಿಕೊಂಡಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಮೇಷ್ಟ್ರು 'ಮೂರನೇ ಹಾಡಿನ ತಾಳ: ಒಂದು ಒಳನೋಟ' ಎಂಬ ಲೇಖನ ಹಾಕಿಬಿಟ್ಟಿದ್ದರು. ಅದರಲ್ಲಿ ನನ್ನ ಹೆಸರು ಎರಡು ಸಲ ಬಂದಿತ್ತು. ಎರಡು ಸಲ! ಮನುಷ್ಯನ ಬೆಲೆ ಎಷ್ಟು ಅಗ್ಗ ನೋಡಿ. ಮೂರು ವಾರ ಬಾಯಿ ಮುಚ್ಚಿಕೊಂಡಿದ್ದೆ. ಜೀವನದಲ್ಲಿ ಅಷ್ಟು ದಿನ ನಾನು ಬಾಯಿ ಮುಚ್ಚಿದ್ದು ಅದೊಂದೇ ಸಲ, ಅದೂ ಬಿಡಬೇಕಾದ ಹೊತ್ತಿನಲ್ಲಿ. ಕೊಟ್ಟಿಗೆಹಾರದ ಮೇಲೆ ಹೋಗುವಾಗ ಗ್ಯಾರೇಜು ಬಂದರೆ ಕತ್ತು ಇನ್ನೊಂದು ಕಡೆಗೆ ತಿರುಗುತ್ತಿತ್ತು. ಜೀಪಿನ ಬ್ರೇಕು ಕಿರುಗುಟ್ಟಿದರೂ ಹಾಗೇ ಓಡಿಸಿದೆ. ಆ ಸದ್ದನ್ನು ಅವನು ಒಳಗಿನಿಂದ ಗುರುತು ಹಿಡಿಯುತ್ತಾನೆ ಎಂದು ಗೊತ್ತಿದ್ದೂ.

'ಬ್ರೇಕಿಲ್ದೆ ಸಾಯ್ತೀರೋ, ನಾಚ್ಕೆ ಬಿಟ್ಟು ಬದುಕ್ತೀರೋ, ಒಂದು ತೀರ್ಮಾನ ಮಾಡಿ' ಎಂದಳು ಸುಮಿತ್ರಾ.

ಒಂದು ಭಾನುವಾರ ಹೋದೆ. ಹಮೀದ್ ಜೀಪಿನ ಅಡಿಯಲ್ಲಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಆ ಕಾಲುಗಳೇ ಮಾತಾಡಿದವು.

'ಹಿಂದಿನ ಎಡಗಡೆ ಬ್ರೇಕು. ಮೂರು ವಾರದಿಂದ ಕೇಳ್ತಾ ಇದ್ದೇನೆ. ಎಂತಕ್ಕೆ ಬರ್ಲಿಲ್ಲ?'

'ಗುಂಪಿಂದ ತೆಗ್ದಿದ್ದಕ್ಕೆ ಬೇಜಾರಾಯ್ತಾ ಮಾರಾಯ?' ಎಂದೆ.

'ಥೋ, ಅದಕ್ಕೆಂತ ಬೇಜಾರು? ದಿನಾ ಬೆಳಿಗ್ಗೆ ನೂರು ಜನ ಗುಲಾಬಿ ಹೂವು ಕಳಿಸೋದು ತಪ್ಪಿತು.' ಸ್ವಲ್ಪ ಹೊತ್ತು ಸ್ಪ್ಯಾನರ್ ಸದ್ದು. 'ನೀನು ಕೇಳದೆ ಬರ್ದೆ. ಅದೊಂದು ಸರಿ ಆಗ್ಲಿಲ್ಲ. ದೊಡ್ಡವ್ರು ಹನ್ನೊಂದು ವರ್ಷ ಆದ್ಮೇಲೆ ಹಾಡಿದ್ದಾರೆ, ನಾವು ಒಂದು ಗಂಟೆ ಕೂತು ಕೇಳ್ಲಿಕ್ಕಾಗೋದಿಲ್ವಾ?'

ಪಲ್ಪರ್ ಕಥೆ ಹೇಳಿಬಿಟ್ಟೆ. ಹೇಳುತ್ತಿದ್ದಂತೆ ಜೀಪಿನ ಅಡಿಯಿಂದ ಒಂದು ಕಾಲು ಕುಣಿಯತೊಡಗಿತು. ಆಮೇಲೆ ಇಡೀ ಮನುಷ್ಯ ಹೊರಗೆ ಜಾರಿ ಬಂದ, ಕಣ್ಣಲ್ಲಿ ನೀರು, ಮುಖದ ತುಂಬ ಗ್ರೀಸು.

'ಅದು ನಂಗೆ ಅವತ್ತೇ ಗೊತ್ತಾಯ್ತು ಮಾರಾಯ. ಒಂದು ದಪ್ಪ, ಒಂದು ಸಣ್ಣ ಅಂತ ಬರ್ದಿದ್ಯಲ್ಲ. ನಿನ್ನ ಪಲ್ಪರ್ ಬೆಲ್ಟು ತುಂಡಾದಾಗ ಜಾಯಿಂಟು ಹಾಕಿ ಕೊಟ್ಟದ್ದು ಯಾರು? ಆ ಜಾಯಿಂಟು ದೊಡ್ಡ ಚಕ್ರದ ಮೇಲೆ ಹೋದ್ರೆ ದಪ್ಪ ಪೆಟ್ಟು, ಸಣ್ಣ ಚಕ್ರದ ಮೇಲೆ ಹೋದ್ರೆ ಸಣ್ಣ ಪೆಟ್ಟು. ಆ ತಾಳದ ಕಲಾವಿದ ನಾನೇ! ನೂರಾ ಎಂಬತ್ತು ಜನ ನನ್ನನ್ನು ಹೊಗಳ್ತಾ ಇದ್ರು, ನೀನು ನನ್ನನ್ನೇ ಹೊರಗೆ ಹಾಕಿದಿ.'

'ಮತ್ತೆ ಅವತ್ತೇ ಗುಂಪಲ್ಲಿ ಹೇಳ್ಬಹುದಿತ್ತಲ್ಲ?'

'ಹೇಳಿದ್ರೆ ನಿನ್ನ ಮರ್ಯಾದೆ ಎಂತ ಆಗ್ತಿತ್ತು?' ಎಂದು ಅವನು ಕೈ ಒರೆಸಿಕೊಂಡ.

ಈ ಮಾತಿನ ಮೇಲೆ ನಾನು ಏನನ್ನೂ ಬರೆಯಲಾರೆ. ಮುಂದೆ ಹೋಗೋಣ.

ಅವನು ಆಲ್ಬಂ ಹಾಕಿದ. ಟೇಪ್ ರೆಕಾರ್ಡರು ಹೋಗಿ ಫೋನು ಬಂದಿದೆ, ಸ್ಪೀಕರುಗಳು ಮಾತ್ರ ಅವೇ. ನಾನು ಟೈರಿನ ಮೇಲೆ ಕೂತೆ. ಹಮೀದ್ ಹೇಳಿದ್ದು ನಿಜ, ದೊಡ್ಡವರಿಗೆ ಉಸಿರು ಸಾಲುತ್ತಿರಲಿಲ್ಲ. ಮೊದಲು ಒಂದೇ ಎಳೆತದಲ್ಲಿ ಮುಗಿಸುತ್ತಿದ್ದ ಸಾಲನ್ನು ಈಗ ಎರಡು ಕಡೆ ನಿಲ್ಲಿಸುತ್ತಿದ್ದರು. ಎರಡನೇ ಹಾಡು ಸಾಧಾರಣ. ಐದನೆಯದು, ಹೇಳಿಯೇ ಬಿಡುತ್ತೇನೆ, ಹಾಡಬಾರದಿತ್ತು. ಗುಂಪಿನಲ್ಲಿ ಅದಕ್ಕೆ 'ಶತಮಾನದ ಹಾಡು' ಎಂಬ ಬಿರುದು ಸಿಕ್ಕಿತ್ತು. ಏಳನೆಯದರಲ್ಲಿ ಒಂದು ಮೇಲಿನ ಸ್ವರಕ್ಕೆ ಹೋದರು, ದನಿ ಒಡೆಯಿತು. ಮರೆಮಾಡಲಿಲ್ಲ. ಒಡೆದ ದನಿಯನ್ನು ಹಿಡಿದುಕೊಂಡೇ, ಕೋಲು ಊರಿ ಏರು ಹತ್ತುವ ಮುದುಕರ ಹಾಗೆ, ಮೆಲ್ಲಗೆ ಆ ಸ್ವರದ ಮೇಲೆ ಕಾಲಿಟ್ಟು ನಿಂತರು.

'ಅಯ್ಯೋ ಹಮೀದ್, ಇದನ್ನು ನೋಡು...' ಎಂದೆ.

ಅವನು ತಿರುಗಲಿಲ್ಲ. ಬೆರಳು ಹೊರಗೆ ತೋರಿಸಿದ.

ಐವತ್ತೈದು ವರ್ಷದ ಬೆಳೆಗಾರ, ಮೂರು ಸಾವಿರ ಜನ ಓದುವ ಬರಹಗಾರ, ಗುಂಪಿನ ಅಡ್ಮಿನ್, ಪ್ಯಾಂಟು ಮಡಚಿಕೊಂಡು ಯಾರದೋ ಜೀಪು ತೊಳೆದೆ. ಒಳಗಿನಿಂದ ಎಂಟನೇ ಹಾಡು ಬಂತು, ಮುಗಿಯಿತು. ಆಮೇಲೆ ಹಮೀದನ ದನಿ.

'ಏಳನೇದು ಇನ್ನೊಂದ್ಸಲ ಹಾಕುವ. ಒಳಗೆ ಬಾ.'

ಅವತ್ತು ಸಂಜೆಯೇ ಗುಂಪಿನಲ್ಲಿ ಎಲ್ಲವನ್ನೂ ಬರೆದೆ. ತಾಳ ನನ್ನ ಪಲ್ಪರಿನದು, ಕಲಾವಿದ ಹಮೀದ್, ತಪ್ಪು ನನ್ನದು, ಅಡ್ಮಿನ್ ಪಟ್ಟ ಬಿಟ್ಟಿದ್ದೇನೆ. ಒಂದು ನಿಮಿಷದೊಳಗೆ ಇಪ್ಪತ್ತು ಹೆಬ್ಬೆರಳು, ಹತ್ತು ಕೈಮುಗಿತ. 'ಅದ್ಭುತ ಬರಹ ಸರ್' ಎಂದರು ಮುಂಗೈಯವರು. ಮೇಷ್ಟ್ರು ಎರಡು ದಿನ ಬಿಟ್ಟು ಲೇಖನ ಅಳಿಸಿದರು, ಆಮೇಲೆ ಸ್ಕೂಟರನ್ನು ತಳ್ಳಿಕೊಂಡು ಕೊಟ್ಟಿಗೆಹಾರಕ್ಕೆ ಹೋದರಂತೆ. ಪೂರ್ಣಣ್ಣ ಬರೆದದ್ದು ಮಾತ್ರ ನಾನು ಸಾಯುವವರೆಗೆ ಮರೆಯಲಾರೆ: 'ಅಂದರೆ ದೊಡ್ಡವರು ಕಾಫಿ ಪಲ್ಪರನ್ನೇ ವಾದ್ಯ ಮಾಡಿದ್ದಾರೆ! ಎಂಥ ಪ್ರಯೋಗ!'

ಗುಂಪಿಗೆ ವಾಪಸು ಬಾ ಎಂದರೆ ಹಮೀದ್ ಒಪ್ಪಲಿಲ್ಲ. 'ಬೇಡ, ಅಲ್ಲಿ ಸದ್ದು ಜಾಸ್ತಿ' ಎಂದ. ಪಲ್ಪರಿಗೆ ಹೊಸ ಬೆಲ್ಟು ಹಾಕು ಎಂದಾಗ ನಾನು ಒಪ್ಪಲಿಲ್ಲ.

ಹಾಗಾಗಿ ಇವತ್ತು ಬೆಳಗ್ಗೆಯೂ ಟಕ್, ಟಿಕ್, ಒಂದು ಬಿಡುವು. ಕಟ್ಟೆಯ ಮೇಲಿದ್ದ ಫೋನು ಒದರತೊಡಗಿತು. ದೊಡ್ಡವರು ಇನ್ನೊಂದು ಹಾಡು ಬಿಟ್ಟಿದ್ದಾರೆ, ಒಂದೇ ಒಂದು. ಗುಂಪಿನಲ್ಲಿ ಆಗಲೇ ಇಪ್ಪತ್ತೇಳು ಜನ ಕಣ್ಣೀರಾಗಿದ್ದರು. ನನ್ನ ಹೆಬ್ಬೆರಳು ತುರಿಸಿತು, ಸುಳ್ಳು ಹೇಳುವುದಿಲ್ಲ. ಫೋನನ್ನು ಜೇಬಿಗೆ ಹಾಕಿ, ಕಟ್ಟೆ ಇಳಿದು, ಜೀಪಿನ ಬೀಗದ ಕೈ ತೆಗೆದುಕೊಂಡೆ. ಒಂದು ಹಳೇ ಟವೆಲನ್ನೂ ಸೀಟಿನ ಮೇಲೆ ಹಾಕಿಕೊಂಡೆ.

'ಎಲ್ಲಿಗೆ?' ಎಂದಳು ಸುಮಿತ್ರಾ.

'ಕೊಟ್ಟಿಗೆಹಾರಕ್ಕೆ. ಜೀಪು ತೊಳ್ಯೋದಿದೆ.'

'ನಿನ್ನೆ ತಾನೇ ತೊಳ್ದಿದ್ದೀರಲ್ರೀ, ಫಳಫಳ ಅಂತಿದೆ.'

'ನಮ್ದಲ್ಲ ಮಾರಾಯ್ತಿ,' ಎಂದೆ. 'ಅಲ್ಲಿ ಯಾರದ್ದು ನಿಂತಿದ್ಯೋ ನೋಡ್ಬೇಕು.'