ಬೆನ್ನುಹುರಿಗೆ ಔಷಧ ಬಂತಂತ, ಖರೇನ್ರಿ ಸರ?

ಕಾಲೇಜು ಮುಗಿಸಿ ಮನೆಗೆ ಬಂದರೆ ಕಟ್ಟೆಯ ಮೇಲೆ ಶಾಂತವ್ವ ಕೂತಿದ್ದಳು. ಕೈಯಲ್ಲಿ ಮಡಚಿದ ಪೇಪರು. ಅದನ್ನು ನೋಡಿದ್ದೇ ತಡ, ನನಗೆ ಸುಸ್ತಾಯಿತು.

(ತಪ್ಪು ತಿಳಿಯಬೇಡಿ. ಬೇಸರ ಶಾಂತವ್ವನ ಮೇಲಲ್ಲ, ಪೇಪರಿನ ಮೇಲೆ.)

"ಬೆನ್ನುಹುರಿಗೆ ಔಷಧ ಬಂತಂತ, ಖರೇನ್ರಿ ಸರ?"

ಮೋರಟಗಿಯಿಂದ ಸಿಂದಗಿವರೆಗೆ ಬಸ್ಸಿನಲ್ಲಿ ನಿಂತೇ ಬಂದಿದ್ದಾಳೆ. ಬಿಸಿಲಿಗೆ ಮುಖ ಬಾಡಿದೆ. ನೀರು ಕೊಟ್ಟರೆ ತಂಬಿಗೆಯನ್ನು ಪಕ್ಕಕ್ಕಿಟ್ಟಳು. ಮೊದಲು ನಾನು ಓದಿ ಹೇಳಬೇಕು. ನಾನು ಜೀವಶಾಸ್ತ್ರ ಕಲಿಸುವವನು, ಸಾಲದ್ದಕ್ಕೆ ವಾರವಾರ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವವನು. ಪೇಪರಿನಲ್ಲಿ ಬಂದದ್ದು ಖರೆಯೋ ಸುಳ್ಳೋ ನನಗೆ ಗೊತ್ತಿರಲೇಬೇಕಲ್ಲವೆ?

ಯಾರು ಈ ಶಾಂತವ್ವ? ಅದಕ್ಕೆ ಮೂರು ವರ್ಷ ಹಿಂದೆ ಹೋಗಬೇಕು.

ಇಂಡಿಯಲ್ಲಿರುವ ನನ್ನ ತಂಗಿ ಸುವರ್ಣಾ ಬ್ಲೌಸ್ ಹೊಲಿಯುತ್ತಾಳೆ. ಒಂದು ಮುಂಜಾನೆ ಮಷಿನ್ ಮುಂದೆ ಕೂತು ಪೆಡಲ್ ತುಳಿಯಲು ಹೋದರೆ ಕಾಲು ಮಾತು ಕೇಳಲಿಲ್ಲ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಸಂಜೆಯೊಳಗೆ ಸೊಂಟದ ಕೆಳಗೆ ಏನೂ ಗೊತ್ತಾಗದಂತಾಯಿತು. ಲಕ್ವಾ ಅಂದರು. ಗಾಳಿ ಅಂದರು. ಜೀಪು ಮಾಡಿಕೊಂಡು ಸೊಲ್ಲಾಪುರಕ್ಕೆ ಒಯ್ದೆವು.

ಅಲ್ಲಿನ ಡಾಕ್ಟರು ಒಳ್ಳೆಯವರು. ಅವಸರವಿಲ್ಲದೆ ತಿಳಿಸಿ ಹೇಳಿದರು. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದಾರಿ ತಪ್ಪಿ ಆಕೆಯ ಬೆನ್ನುಹುರಿಯ ಮೇಲೆ ಎರಗಿವೆ, ಹುರಿ ಬಾತುಕೊಂಡಿದೆ, ಮೊದಲು ಅವುಗಳ ಆಟ ನಿಲ್ಲಿಸಬೇಕು ಅಂದರು. ಸ್ಟೆರಾಯ್ಡ್ ಇಂಜೆಕ್ಷನ್ ಶುರು ಮಾಡಿದರು.

ಮೈ ಕಾಯುವುದೇ ಮೈ ಕಚ್ಚುತ್ತದೆಯೆ? ಪಾಠ ಮಾಡುವಾಗ ಇದನ್ನು ನಾನೇ ಎಷ್ಟು ಸಲ ಹೇಳಿಲ್ಲ! ತಂಗಿಯ ಕಾಲು ಮುಟ್ಟಿ, "ಗೊತ್ತಾಗತೈತೇನವಾ?" ಎಂದು ಕೇಳಿ, ಆಕೆ ಇಲ್ಲವೆಂದು ತಲೆ ಅಲ್ಲಾಡಿಸಿದಾಗ ಆ ಪಾಠ ಬೇರೆಯೇ ಆಗಿತ್ತು.

ಕೈಕಾಲಿಗೆ ಕಸರತ್ತು ಮಾಡಿಸುವ ಕೋಣೆಯಲ್ಲಿ ನಮಗೆ ಮಲ್ಲಪ್ಪ ಸಿಕ್ಕ. ಶಾಂತವ್ವನ ಗಂಡ. ಕಣಿಕಿ, ಅಂದರೆ ಜೋಳದ ದಂಟಿನ ಬಣವಿ ಒಟ್ಟುವಾಗ ತುದಿಯಿಂದ ಜಾರಿ ಬಿದ್ದು ಬೆನ್ನುಮೂಳೆ ಮುರಿದುಕೊಂಡಿದ್ದ. ಒಳಗಿನ ಹುರಿ ಜಜ್ಜಿಹೋಗಿತ್ತು. ಗಟ್ಟಿ ಆಳು. ಭುಜ ನೋಡಿದರೆ ಈಗಲೇ ಎದ್ದು ನೇಗಿಲು ಹೊತ್ತಾನು ಅನ್ನಿಸಬೇಕು. ಸೊಂಟದ ಕೆಳಗೆ ಮಾತ್ರ ಸುವರ್ಣಾಳದೇ ಕತೆ.

ಅದೇ ದಿನಗಳಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಬೆನ್ನುಹುರಿ ಜಜ್ಜಿದ ಇಲಿಯ ರಕ್ತದಿಂದಲೇ ಬಿಳಿ ಕಣ ತೆಗೆದು, ಹದಗೊಳಿಸಿ, ಪೆಟ್ಟಾದಲ್ಲಿ ಬಿಟ್ಟರಂತೆ. ಅವು ಅಲ್ಲಿನ ಕಸ ಬಳಿದು, ನರ ಚಿಗುರಲು ಜಾಗ ಮಾಡಿಕೊಟ್ಟವಂತೆ. ಇಲಿ ಕಾಲು ಆಡಿಸಿತಂತೆ.

ಶಾಂತವ್ವನಿಗೆ ಓದಿ ಹೇಳಿದೆ. ಆಕೆ ಹುಬ್ಬು ಗಂಟಿಕ್ಕಿದಳು.

"ಅಲ್ರಿ ಸರ, ನಿಮ್ಮ ತಂಗೀಗಿ ಆ ಬಿಳಿ ಕಣ ಬರಬಾರದು ಅಂತೀರಿ. ನಮ್ಮವ್ರಿಗಿ ಬರಬೇಕು ಅಂತೀರಿ. ಯಾವುದು ಖರೆ?"

"ಎರಡೂ ಖರೆನ ಐತಿ ಶಾಂತವ್ವ. ಅದಕ್ಕ ಸಂಶೋಧನಾ ಮಾಡಾವ್ರೂ ತಲಿ ಕೆಡಿಸ್ಕೊಂಡಾರ."

ಸುವರ್ಣಾ ಬರಬರುತ್ತ ಎದ್ದಳು. ಮೊದಲು ಹೆಬ್ಬೆರಳು, ಆಮೇಲೆ ಹಿಮ್ಮಡಿ, ಆಮೇಲೆ ಗೋಡೆ ಹಿಡಿದು ನಾಲ್ಕು ಹೆಜ್ಜೆ. ಮಲ್ಲಪ್ಪನ ಕಾಲು ಅಲುಗಲಿಲ್ಲ. ನಾವು ಊರಿಗೆ ಹೊರಟ ದಿನ ಸುವರ್ಣಾ ಹಿಂದಿನ ಬಾಗಿಲಿನಿಂದ ಹೋಗೋಣ ಎಂದು ಹಟ ಹಿಡಿದಳು. ಶಾಂತವ್ವನ ಕಣ್ಣಿಗೆ ಬೀಳಲು ಆಕೆಗೆ ಧೈರ್ಯವಿರಲಿಲ್ಲ. ಗುಣವಾದವರಿಗೂ ನಾಚಿಕೆಯಾಗುತ್ತದೆ, ಗೊತ್ತೆ?

ಅಂದಿನಿಂದ ಇಂಥ ಸುದ್ದಿ ಬಂದಾಗೆಲ್ಲ ಶಾಂತವ್ವ ಬಸ್ಸು ಹತ್ತುತ್ತಾಳೆ. ನಾನು ಓದುತ್ತೇನೆ. "ಇನ್ನ ಇಲಿ ಮ್ಯಾಲ ನಡದೈತಿ" ಅನ್ನುತ್ತೇನೆ. ಆಕೆ ಮಡಚಿಕೊಂಡು ಹೋಗುತ್ತಾಳೆ. ಸಂಶೋಧನೆ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ನಿಧಾನವಾಗಿ, ಹೆದರಿ ಹೆದರಿ ಮಾಡುವ ಕೆಲಸ ಅದು. ಆದರೆ ಹೆಡ್ಡಿಂಗ್ ಕೊಡುವವರಿಗೆ ಇಷ್ಟೇಕೆ ಅವಸರ? ಅವರು 'ಆಶಾಕಿರಣ' ಅಂದರೆ ಮೋರಟಗಿಯಲ್ಲಿ ಒಬ್ಬ ಹಾಸಿಗೆಯ ಮೇಲೆ ಕಾಯುತ್ತ ಮಲಗುತ್ತಾನೆ.

ಈ ಸಲದ್ದು ಇಲಿಯ ಸುದ್ದಿಯಲ್ಲ, ಮನುಷ್ಯರದು. ಬೆರಳೆಣಿಕೆಯ ಜನರ ಮೇಲೆ ಪರೀಕ್ಷೆ ಶುರುವಾಗಿದೆಯಂತೆ. ಕೊನೆಯ ಸಾಲಿನಲ್ಲಿ ಸಣ್ಣಗೆ ಇನ್ನೊಂದು ಮಾತಿತ್ತು: ಪೆಟ್ಟು ಬಿದ್ದ ಹೊಸದರಲ್ಲಿ ಮಾತ್ರ.

ಹೇಳಿದೆ. ಶಾಂತವ್ವ ಪೇಪರನ್ನು ಮಡಚಿ ಪಕ್ಕಕ್ಕಿಟ್ಟಳು.

"ಯಾರೋ ಪುಣ್ಯಾತ್ಮರು ಗಾಲಿ ಕುರ್ಚಿ ಕೊಟ್ಟು ವರ್ಷಾತ್ರಿ ಸರ. ಮ್ಯಾಲಿನ ಪ್ಲಾಸ್ಟಿಕ್ ಸೈತ ತಗದಿಲ್ಲ. ಔಷಧ ಬರ್ತೈತಿ, ಕುರ್ಚಿ ಯಾಕ ಅಂತಾರ ನಮ್ಮವ್ರು. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗೈತಿ. ನನ್ನ ಬಾಯಿಲೆ ಹೇಳಾಕ ಆಗವಲ್ದು. ನೀವ ಬಂದು ಹೇಳ್ರಿ."

ಬೇಡವಾಗಿತ್ತು ನನಗೆ. ಯಾರಿಗೆ ಬೇಕು ಈ ಕೆಲಸ? ಆದರೂ ರವಿವಾರ ಹೋದೆ. ವಿಷಯ ತಿಳಿದ ಸುವರ್ಣಾ ಇಂಡಿಯಿಂದ ಕೋಲೂರಿಕೊಂಡು ಬಂದು, ನನ್ನ ಜೊತೆಗೇ ಮೋರಟಗಿಗೆ ಹೊರಟಳು.

ಮಲ್ಲಪ್ಪ ಮುಖ ಅರಳಿಸಿದ. "ಬರ್ರಿ ಸರ! ಯಾವಾಗ ಬರ್ತೈತಂತ ಔಷಧ?"

"ಅದು ನಿನಗ ಅಲ್ಲಪಾ ಮಲ್ಲಪ್ಪ."

"ಹಂಗಾರ ಯಾರಿಗ್ರಿ?"

"ಇನ್ನ ಮುಂದ ಬೀಳಾವ್ರಿಗಿ. ಬಿದ್ದ ಕೂಡಲೇ ಕೊಡಬೇಕಂತ. ಅದೂ ಕೆಲಸ ಮಾಡತೈತೋ ಇಲ್ಲೋ, ಇನ್ನ ನೋಡಾಕತ್ತಾರ."

ಅವನು ಜಂತಿಯನ್ನೇ ನೋಡುತ್ತ ಮಲಗಿದ್ದ.

"ನಾ ಸ್ವಲ್ಪ ಲಗೂ ಬಿದ್ದೆ ಅನ್ರಿ," ಅಂದ.

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಆ ಅಗಲವಾದ ಭುಜ ಅಲುಗತೊಡಗಿತು.

ಸುವರ್ಣಾ ಕೋಲು ಬದಿಗಿಟ್ಟು, ನೆಲಕ್ಕೆ ಕೈಯೂರಿ, ಕಷ್ಟಪಟ್ಟು ಅವನ ಹಾಸಿಗೆಯ ಹತ್ತಿರ ಕೂತಳು.

"ಅಣ್ಣಾ, ನಾ ಪೂರಾ ನೆಟ್ಟಗಾಗೇನಿ ಅಂತ ತಿಳ್ಕೊಂಡಿಯೇನು? ಕಾಲಿಗಿ ಬಿಸಿ ತಂಪು ಗೊತ್ತಾಗೂದಿಲ್ಲ. ಒಲಿ ಮುಂದ ಪಾದ ಸುಟ್ಟಿದ್ದು ವಾಸನಿ ಬಂದ ಮ್ಯಾಲ ತಿಳೀತು. ದಿನಾ ಮುಂಜಾನೆ ಕಣ್ಣ ಬಿಟ್ಟ ಕೂಡಲೆ ಕಾಲಿನ ಬಟ್ಟು ಅಲುಗಿಸಿ ನೋಡ್ತೇನಿ, ಅದು ಮತ್ತ ಬಂತೇನೋ ಅಂತ. ಮಷಿನ್ ಈಗ ಕೈಲೆ ತಿರುವಿ ಹೊಲೀತೇನಿ. ಕಾಲಿನ ಹಾದಿ ಕಾಯ್ಕೋತ ಕೂತಿದ್ರ ಕೈನೂ ಹೋಗ್ತಿತ್ತು."

ಮಲ್ಲಪ್ಪ ತಿರುಗಲಿಲ್ಲ. ಗೋಡೆಗೇ ಹೇಳುವವನ ಹಾಗೆ ಅಂದ: "ಶಾಂತಾ, ಆ ಕುರ್ಚಿ ತಗಿ."

ಅದರ ಮೇಲಿದ್ದ ಜೋಳದ ಚೀಲ ಇಳಿಸಿದೆವು. ಪ್ಲಾಸ್ಟಿಕ್ ಹರಿದೆವು. ಅವನನ್ನು ಎತ್ತಿ ಕೂರಿಸುವಷ್ಟರಲ್ಲಿ ನನಗೆ ಏದುಸಿರು ಬಂತು. ಪಡಸಾಲೆಯಲ್ಲಿ ಕುರ್ಚಿ ಉರುಳಿತು. ಬಾಗಿಲಿಗೆ ಬಂದು ನಿಂತಿತು. ಹೊಸ್ತಿಲು ಗೇಣುದ್ದ ಎತ್ತರ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಶಾಂತವ್ವ ಒಳಗೆ ಹೋಗಿ ಕೊಡಲಿ ತಂದಳು. ಮಲ್ಲಪ್ಪನ ತಾಯಿ ಅಡ್ಡ ಬಂದಳು.

"ದಿನಾ ಅರಿಶಿನ ಕುಂಕುಮ ಹಚ್ಚೂ ಹೊಸ್ತಲಾ ಕಡೀತಿಯೇನ? ಮನೀಗಿ ಕೇಡು!"

"ಇನ್ನೇನ ಕೇಡ ಉಳದೈತ್ರಿ ಅತ್ತಿ? ಸರೀರಿ ಅತ್ತಾಗ. ದೇವರಿಗಿ ನಾ ಹೇಳ್ಕೋತೇನಿ."

ಹೊಸ್ತಿಲಿಗೆ ಹಣೆ ಹಚ್ಚಿದಳು. ಆಮೇಲೆ ಎದ್ದು ಕೊಡಲಿ ಎತ್ತಿದಳು. ಹಳೆಯ ತೇಗ, ಬೇಗ ಜಗ್ಗಲಿಲ್ಲ. ಮುದುಕಿ ಮೊದಲು ಬೈದಳು, ಆಮೇಲೆ ಅತ್ತಳು, ಕೊನೆಗೆ ಬಂದು ಚಕ್ಕೆ ಆರಿಸಿ ಒಲೆಗೆ ಹಾಕಲು ಬಿಡದೆ ದೇವರ ಜಗಲಿಯ ಮೇಲಿಟ್ಟಳು.

ಮಲ್ಲಪ್ಪ ಬೀದಿಗೆ ಬಂದ. ಬಿಸಿಲಿಗೆ ಕಣ್ಣು ಬಿಡಲಾಗದೆ ಅಂಗೈ ಅಡ್ಡ ಹಿಡಿದ. ಹಾಗೇ ಕೂತ. ನಾವು ಹೊರಟಾಗ, "ಮುಂದಿನ ಸಂತಿಗಿ ನಾನೂ ಸಿಂದಗಿಗಿ ಬರ್ತೇನ್ರಿ ಸರ," ಅಂದ.

ಆಗಲಿ ಅಂದೆ. ಬಸ್ಸು ಬಂತು. ಅದರ ಮೆಟ್ಟಿಲು ಎಷ್ಟು ಎತ್ತರ ಎಂದು ನಾನು ಅವತ್ತೇ ಮೊದಲ ಸಲ ನೋಡಿದ್ದು. ಸುವರ್ಣಾಳನ್ನು ಇಬ್ಬರು ಸೇರಿ ಎಳೆದುಕೊಳ್ಳಬೇಕಾಯಿತು.

ನರ ಚಿಗುರಿಸುವ ವಿದ್ಯೆ ಬರುವಾಗ ಬರಲಿ. ಬಸ್ಸಿನ, ಬ್ಯಾಂಕಿನ, ಶಾಲೆಯ ಮೆಟ್ಟಿಲು ತಗ್ಗಿಸಲು ನಾವು ಯಾವ ದೇಶದ ಸಂಶೋಧನೆಗೆ ಕಾಯುತ್ತಿದ್ದೇವೆ?