ಚೀನಾದಿಂದ ತಂದ ಒಂದು ಮಾತು

ಬಿಳಿ ಎನಾಮಲ್ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಆ ವಾಸನೆಗೆ ಪಕ್ಕದ ಮನೆಯ ಹುಡುಗಿ ನೆನಪಾಗುತ್ತಾಳೆ. ಈಗೆಲ್ಲ ಫ್ಲೆಕ್ಸ್ ಕಾಲ. ಹೊಳಲ್ಕೆರೆಯಲ್ಲಿ ಕೈಯಿಂದ ಬೋರ್ಡು ಬರೆಯುವವನು ನಾನೊಬ್ಬನೇ ಉಳಿದಿರಬೇಕು. ಇವತ್ತು ಬೆಳಿಗ್ಗೆ ಡಬ್ಬಿ ತೆರೆದವನು ಹಾಗೇ ಕುಳಿತುಬಿಟ್ಟೆ...

ಅವಳು ಚೀನಾದಲ್ಲಿ ಡಾಕ್ಟರ್ ಓದಿ ಬಂದವಳು. ಹೊರದೇಶದಲ್ಲಿ ಓದಿದವರು ಇಲ್ಲಿ ಇನ್ನೊಂದು ಪರೀಕ್ಷೆ ಪಾಸಾಗಬೇಕು ಎನ್ನುವುದು ನಮ್ಮ ಬೀದಿಯಲ್ಲಿ ಯಾರಿಗೆ ಗೊತ್ತಿತ್ತು? ಬಂದ ವಾರವೇ ಬಿ.ಪಿ. ನೋಡಿಸಲು ಮುದುಕಿಯರು ಸಾಲು ನಿಂತರು. ವರ್ಷ ಕಳೆದ ಮೇಲೆ ಬೀಜ-ಗೊಬ್ಬರದ ಅಂಗಡಿಯ ಅವಳಪ್ಪ, ಮನೆಗೆ ಡಾಕ್ಟರ್ ಬೋರ್ಡು ಬರೆಯಲು ನನಗೆ ಹೇಳಿಯೇಬಿಟ್ಟರು. ಸೋಮವಾರ ಮಠದ ಸ್ವಾಮಿಗಳು ಬಂದು ಅದಕ್ಕೆ ಹೂವು ಏರಿಸುವುದೆಂದು ನಿಶ್ಚಯವಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಆ ಕುಲಾವಿ ಹೊಲಿದವನು ನಾನು.

ಶನಿವಾರ ಬೆಳಿಗ್ಗೆ ಅವಳು ನನ್ನ ಅಂಗಡಿಗೆ ಬಂದಳು. ಹೊರಗೆ ಮಬ್ಬು ಕವಿದು ಎದುರಿನ ಬಸ್ ಸ್ಟ್ಯಾಂಡೂ ಕಾಣುತ್ತಿರಲಿಲ್ಲ. ಅದನ್ನೇ ನೋಡುತ್ತ, "ಇದಕ್ಕೆ ಅಲ್ಲಿ ಯಿನ್‌ಮಾಯ್ ಅಂತಾರಣ್ಣ," ಎಂದಳು. "ಮನ್ಸಿಗೆ ಕವಿದ್ರೂ ಅದೇ ಮಾತು. ನಂಗೆ ಎಲ್ಡು ವರ್ಷದಿಂದ ಹಂಗೇ ಐತೆ."

ಟೀ ತರಿಸಲೇ ಎಂದೆ. ಬೇಡವೆಂದಳು. ಆಮೇಲೆ, ಆ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿರುವುದನ್ನು ಹೇಳಿದಳು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬಣ್ಣ ಒಣಗಿಲ್ಲ ಅನ್ರಿ ಅಣ್ಣ. ಎಂಟು ದಿನ ಸಿಕ್ರೆ ಅಪ್ಪಾಜಿಗೆ ನಾನೇ ಹೇಳ್ತೀನಿ."

ಆಗಲಿ ಎಂದೆ. ಸಂಜೆ ಅವಳಪ್ಪ ಪೇಡೆ ಪೊಟ್ಟಣ ಹಿಡಿದು ಬಂದು, ಅಕ್ಷರದ ಮೇಲೆ ಬೆರಳಿಟ್ಟು ನೋಡಿ, "ಒಣಗೈತಲ್ಲಪ್ಪ" ಎಂದರು. ಹೂಂ ಎಂದೆ. ಯಾಕೆ ಹಾಗೆಂದೆನೋ... ಅವರ ಮುಖದ ಸಂತೋಷಕ್ಕೆ ಸೋತೆನೋ, ನನ್ನ ಅಕ್ಷರ ಸ್ವಾಮಿಗಳ ಕಣ್ಣಿಗೆ ಬೀಳಲೆಂಬ ಆಸೆಗೋ, ಇವತ್ತಿಗೂ ಗೊತ್ತಾಗಿಲ್ಲ.

ಸೋಮವಾರ ಅವಳು ಆ ಬೋರ್ಡಿನ ಕೆಳಗೆ ಸ್ವಾಮಿಗಳಿಗೆ ಅಡ್ಡಬಿದ್ದಳು. ನನ್ನ ಕಡೆ ನೋಡಲಿಲ್ಲ. ಗುರುವಾರ, ದೂರದ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಹೇಳಿ ರೈಲು ಹತ್ತಿದವಳು ತಿರುಗಿ ಬರಲಿಲ್ಲ.

ಎರಡು ವರ್ಷವಾಯಿತು. ಎಲ್ಲಿದ್ದಾಳೋ, ಪಾಸಾದಳೋ, ಆ ಮಬ್ಬು ಸರಿಯಿತೋ... ಒಡಹುಟ್ಟಿದವರಿಲ್ಲದ ನನ್ನನ್ನು ಬಾಯಿ ತುಂಬ ಅಣ್ಣ ಎನ್ನುತ್ತಿದ್ದವಳು ಅವಳೊಬ್ಬಳೇ. ಅದನ್ನು ಕಳೆದುಕೊಂಡೆ.

ನಿನ್ನೆ ಅವಳಪ್ಪ ಅಂಗಡಿಯ ಮುಂದೆ ಬಂದು ನಿಂತರು. "ಈ ಯುಗಾದಿಗೂ ಫೋನ್ ಮಾಡ್ಲಿಲ್ಲ ಮಗ್ಳು. ಹೋಗೋ ಮುಂಚೆ ನಿನ್ನತ್ರ ಏನಾರ ಹೇಳಿದ್ಲೇನಪ್ಪ?" ಎಂದರು.

"ಇಲ್ಲ ಯಜಮಾನ್ರೆ" ಎಂದೆ.