ಕ್ಯಾನಿನಲ್ಲಿ ಉಳಿದ ಪೆಟ್ರೋಲು

ಹೋದ ವಾರ ಹುಲ್ಲು ಕತ್ತರಿಸುವ ಮಷಿನ್ನಿಗೆ ಹಾಕಲೆಂದು ಕೊಟ್ಟಿಗೆಯ ಮೂಲೆಯಲ್ಲಿದ್ದ ಹಳದಿ ಕ್ಯಾನಿನ ಮುಚ್ಚಳ ತಿರುವಿದೆ. ಪೆಟ್ರೋಲಿನ ವಾಸನೆ ಬರಲಿಲ್ಲ. ಕಲಘಟಗಿಯಲ್ಲಿ ತೊಟ್ಟಿಲಿಗೆ ಬಣ್ಣ ಹಚ್ಚುವವರ ಮನೆ ಮುಂದೆ ಹಾಯುವಾಗ ಮೂಗಿಗೆ ಬಡಿಯುತ್ತದಲ್ಲ, ಅಂಥ ವಾರ್ನಿಶಿನ ವಾಸನೆ, ಅದರೊಳಗೆ ಒಂದಿಷ್ಟು ಹುಳಿ. ಒಂದು ಮಳೆಗಾಲ ಪೂರಾ ಯಾರೂ ಮುಟ್ಟದೆ ಬಿಟ್ಟಿದ್ದ ಪೆಟ್ರೋಲು. ಕೆಟ್ಟುಹೋಗಿತ್ತು. ಮುಚ್ಚಳ ಹಾಕಿ ಅಲ್ಲೇ ದನಗಳಿಗೆ ಮೇವು ಹಾಕುವ ಗ್ವಾದಲಿಯ ದಂಡೆಯ ಮೇಲೆ ಕೂತುಬಿಟ್ಟೆ.

ಪೆಟ್ರೋಲು ಕೆಡುತ್ತದೆ ಎಂದು ನನಗೆ ಮೊದಲು ಹೇಳಿದವಳು ನಮ್ಮ ಅಕ್ಕ. ಆಗ ನಾನು ನಕ್ಕಿದ್ದೆ…

ದೇವಿಕೊಪ್ಪದ ಹತ್ತಿರ ನಮ್ಮೂರು. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಹೊಲ ಹಿಡಿದವನು. ಅಕ್ಕ ಕಲಿತವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು, ಕಲಘಟಗಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ನಮ್ಮೂರಿಗೆ ಬಸ್ಸು ದಿನಕ್ಕೆ ಎರಡೇ ಸಲ. ತಪ್ಪಿದರೆ ನಡಿಗೆ. ಅದಕ್ಕೆ ನಲವತ್ತೆರಡನೇ ವಯಸ್ಸಿನಲ್ಲಿ ಗಾಡಿ ಕಲಿತು, ಲೈಸೆನ್ಸ್ ತೆಗೆಸಿ, ಯಾರೋ ಓಡಿಸಿ ಬಿಟ್ಟ ಒಂದು ಸಣ್ಣ ಬಿಳಿ ಕಾರು ತಂದಳು. ನಮ್ಮೂರಲ್ಲಿ ಅದಕ್ಕೂ ಮೊದಲು ಹೆಂಗಸೊಬ್ಬಳು ಸ್ಟೇರಿಂಗ್ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ನಮ್ಮ ಕಾಕಾ ಕಟ್ಟೆಯ ಮೇಲೆ ಕೂತು, "ಅಕ್ಕಾರ ವಿಮಾನ ಬಂತ್ರಪ್ಪೋ, ಕೋಳಿ ಒಳಗ ಹಾಕ್ರಿ!" ಎಂದು ಕೂಗುತ್ತಿದ್ದ. ಅಕ್ಕ ಅವನ ಮುಂದೆಯೇ ಎರಡು ಸಲ ಹಾರ್ನ್ ಹೊಡೆದು ಹೋಗುತ್ತಿದ್ದಳು.

ಮರುವರ್ಷ ಕುಬಿಹಾಳದಲ್ಲಿ ಅವಳ ಅತ್ತೆ ಹಾಸಿಗೆ ಹಿಡಿದಳು. ಗಂಡ ಇಲ್ಲದಿದ್ದರೂ ಅತ್ತೆಯನ್ನು ಬಿಡಲು ಮನಸ್ಸಾಗದೆ ಅಕ್ಕ ಹೊರಟುನಿಂತಳು. ಕಾರಿನ ಟಾಕಿ ತುಂಬಿಸಿ ತಂದು, ಕೊಟ್ಟಿಗೆಯ ಬಾಜೂಕ ನಿಲ್ಲಿಸಿ, ಕೀಲಿ ನನ್ನ ಕೈಯಲ್ಲಿಟ್ಟಳು.

"ಲೇ ತಮ್ಮಾ, ಎಂಟ ದಿನಕ್ಕೊಮ್ಮಿ ಚಾಲೂ ಮಾಡಿ ಕೆರಿ ತನಕಾ ಹೋಗಿ ಬಾ. ಸುಮ್ನ ನಿಂದ್ರಿಸಿದ್ರ ಪೆಟ್ರೋಲ ಕೆಡತೈತಂತ."

"ಪೆಟ್ರೋಲೇನ ಹಾಲೇನ ಬೇ, ಒಡ್ಯಾಕ?" ಎಂದು ನಾನು ನಕ್ಕೆ. ಅವಳೂ ನಕ್ಕಳು.

ಒಂಬತ್ತು ತಿಂಗಳು ಅವಳು ಬರಲಿಲ್ಲ. ಮೊದಲ ಎರಡು ವಾರ ಹೇಳಿದಂತೆ ಮಾಡಿದೆ. ಆಮೇಲೆ ಒಂದು ದಿನ ನನ್ನ ಹಳೆಯ ಬೈಕಿನಲ್ಲಿ ಪೆಟ್ರೋಲಿರಲಿಲ್ಲ. ಬಂಕ್ ಕಲಘಟಗಿಯಲ್ಲಿ. ಕಾರಿನ ಟಾಕಿಗೆ ಒಂದು ನಳಿಗೆ ಇಳಿಬಿಟ್ಟು ಬಾಯಿಂದ ಎಳೆದೆ. ಒಂದೇ ಸಲ ಎಂದುಕೊಂಡೆ. ಒಂದೇ ಸಲ ಆಗಲಿಲ್ಲ… ದೀಪಾವಳಿಯ ಹೊತ್ತಿಗೆ ನಳಿಗೆ ಎಳೆದರೆ ಬರೀ ಗಾಳಿ ಬರುತ್ತಿತ್ತು. ಕಾರು ಚಾಲೂ ಮಾಡುವುದನ್ನೂ ಬಿಟ್ಟೆ.

ಅತ್ತೆ ತೀರಿದ ಮೇಲೆ, "ನಾಳಿ ಬರ್ತೀನಿ, ನಾಡದ ಹುಬ್ಬಳ್ಳಿಗೆ ಹೋಗೂದೈತಿ" ಎಂದು ಅಕ್ಕ ಫೋನ್ ಮಾಡಿದಳು. ಹುಬ್ಬಳ್ಳಿಯ ಒಂದು ದೊಡ್ಡ ತರಬೇತಿ ಕೇಂದ್ರದವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಹೇಳಿದ ದಿನವೇ ಹಾಜರಾಗಬೇಕಿತ್ತು, ತಪ್ಪಿದರೆ ಆ ಜಾಗ ಬೇರೆಯವರಿಗೆ. ಕಾರು ಇದೆ ಎಂಬ ಧೈರ್ಯದಿಂದಲೇ ಅವಳು ಒಪ್ಪಿಕೊಂಡಿದ್ದಳು.

ಟಾಕಿಯಲ್ಲಿ ಹನಿ ಪೆಟ್ರೋಲಿರಲಿಲ್ಲ. ಕಲಘಟಗಿಗೆ ಹೋಗಿ ತರಬಹುದಿತ್ತು. ಹೋಗಲಿಲ್ಲ. ಕೊಟ್ಟಿಗೆ ತಡಕಿದಾಗ, ಬೆಳೆಗೆ ಔಷಧಿ ಹೊಡೆಯುವ ಪಂಪಿಗೆಂದು ಎರಡು ವರ್ಷದ ಹಿಂದೆ ತಂದಿಟ್ಟು ಮರೆತಿದ್ದ ಪೆಟ್ರೋಲು ಎರಡು ಕ್ಯಾನು ಸಿಕ್ಕಿತು. ಸುರಿಯುವಾಗ ನೋಡಿದೆ, ಬೆಲ್ಲದ ಚಹಾದ ಬಣ್ಣ. ವಾರ್ನಿಶಿನ ವಾಸನೆ. ನನ್ನ ಬೈಕು, ಆ ಪಂಪು, ಎರಡೂ ಅಂಥದ್ದನ್ನು ಎಷ್ಟೋ ಸಲ ಕುಡಿದು ಓಡಿದ್ದವು. ಪೆಟ್ರೋಲ ಅಂದ್ರ ಪೆಟ್ರೋಲ ಎಂದುಕೊಂಡೆ. ಕಾರಿನ ಬ್ಯಾಟರಿ ಸತ್ತಿತ್ತು. ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಿ ಚಾಲೂ ಮಾಡಿದೆ. ಕೆಮ್ಮಿತು, ನಡುಗಿತು, ಆಮೇಲೆ ಹಿಡಿಯಿತು. ಪೆಟ್ರೋಲು ತೋರಿಸುವ ಮುಳ್ಳು ಮೇಲೆ ಬಂದು ನಿಂತಿತ್ತು. ನನಗೆ ಬೇಕಾದದ್ದು ಆ ಮುಳ್ಳು ಅಷ್ಟೇ.

ಆ ದಿನ ಮುಂಜಾನೆ ಅಕ್ಕ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದಳು. ಕಣ್ಣು ತೋರಿಸಿಕೊಳ್ಳಲು ಹುಬ್ಬಳ್ಳಿಗೆ ಹೊರಟಿದ್ದ ಕಾಕಾ ಹಣೆತುಂಬ ವಿಭೂತಿ ಬಳಿದುಕೊಂಡು ಅವಳ ಬಾಜೂಕ ಕೂತ. ನಾನು ಹಿಂದೆ. ಊರು ದಾಟಿದ ಕೂಡಲೇ ಕಾರು ಜಗ್ಗಿ ಜಗ್ಗಿ ಬಿಡತೊಡಗಿತು. ಅಕ್ಕ ಗೇರು ಬದಲಿಸಿ ನೋಡಿದಳು. ಹಳ್ಳದ ಸೇತುವೆಯ ನಡುವೆ ಬಂದಾಗ ಮುಂದಿನ ಫಲಕದಲ್ಲಿ ಹಳದಿ ದೀಪವೊಂದು ಹತ್ತಿತು. ಕಾರು ಒಮ್ಮೆ ಜೋರಾಗಿ ಸೀನಿದಂತೆ ಮಾಡಿ ನಿಂತುಬಿಟ್ಟಿತು.

ಹಳೆಯ ಕಿರಿದಾದ ಸೇತುವೆ. ಎಡಕ್ಕೆ ತಡೆಗಂಬಿಯ ಕಟಾಂಜನ ಎಷ್ಟು ಹತ್ತಿರವೆಂದರೆ ಬಾಗಿಲು ತೆಗೆಯಲು ಬರಲಿಲ್ಲ. ಬಲಕ್ಕೆ ಒಂದು ಬಸ್ಸು ಹೇಗೋ ನುಗ್ಗಲು ಹೋಗಿ ನಮ್ಮ ಕನ್ನಡಿಗೆ ಆತುಕೊಂಡು ನಿಂತಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಳಗೆ ನಾವು ಮೂವರು, ಬಿಸಿಲು, ಹಾರ್ನು. ಅಕ್ಕ ಕೀಲಿ ತಿರುಗಿಸಿದಳು. ಮತ್ತೆ ತಿರುಗಿಸಿದಳು. ಬಸ್ಸಿನ ಕಿಟಕಿಗಳಿಂದ ಮುಖಗಳು ನೇರ ಅವಳ ಮೇಲೆ ಬಗ್ಗಿದ್ದವು. ಟ್ರ್ಯಾಕ್ಟರಿನ ಮೇಲಿಂದ ನಮ್ಮೂರವನೇ ಒಬ್ಬ ಕೂಗಿದ:

"ಯಕ್ಕಾರ, ಹೊಲಿಗಿ ಮಷಿನ್ ತುಳಿಯೂದ ಬ್ಯಾರೆ, ಈ ಮಷಿನ್ ಓಡ್ಸೂದ ಬ್ಯಾರೇರಿ!"

ಬಸ್ಸೆಲ್ಲ ನಕ್ಕಿತು. ಕಾಕಾ ಹಣೆ ಬಡಿದುಕೊಂಡ. "ನಾ ಮೊದಲ ಬಡಕೊಂಡಿದ್ದೆ. ಇದ ಹೆಂಗಸರ ಕೈಯಾಗಿನ ಕೆಲಸಲ್ಲ ಅಂತ."

ಅಕ್ಕ ಕನ್ನಡಿಯಲ್ಲಿ ನನ್ನನ್ನು ನೋಡಿದಳು.

"ತಮ್ಮಾ, ನಾ ಏನರ ತಪ್ಪ ಮಾಡಿದ್ನೇನೋ?"

ನನ್ನ ಮೂಗಿನಲ್ಲಿ ಆಗಲೂ ಆ ವಾಸನೆ ಇತ್ತು. ಏನಾಗಿದೆ ಎಂದು ಗೊತ್ತಿಲ್ಲದಿದ್ದರೂ ಯಾರಿಂದ ಆಗಿದೆ ಎಂದು ನನಗೆ ಗೊತ್ತಿತ್ತು.

"ಕ್ಲಚ್ ಲಗೂನ ಬಿಟ್ಟಿ ಬೇ" ಎಂದೆ.

ಬಸ್ಸಿನವರು ಇಳಿದು ಕಾರನ್ನು ದಬ್ಬಿ ದಂಡೆಗೆ ಹಾಕಿದರು. ಹುಬ್ಬಳ್ಳಿ ಮುಟ್ಟುವ ಹೊತ್ತು ಮೀರಿತ್ತು. ಅಕ್ಕ ಯಾರ ಮುಖವನ್ನೂ ನೋಡದೆ ಊರ ಕಡೆಗೆ ನಡೆದಳು.

ಕಾರನ್ನು ಕಲಘಟಗಿಗೆ ಎಳೆಸಿದೆ. ಅಲ್ಲಿನ ಮೇಸ್ತ್ರಿ ಟಾಕಿಯಿಂದ ಒಂದು ಬಾಟಲಿ ತೆಗೆದು ಬೆಳಕಿಗೆ ಹಿಡಿದ. "ಅಣ್ಣಾರ, ಇದ ಪೆಟ್ರೋಲೋ ಕಾಕಂಬಿಯೋ?" ಆಮೇಲೆ ಇಂಜಿನ್ನಿಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರ್ ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದ. ಬಾಯಿಗೆ ಕಂದು ಅಂಟು ಮೆತ್ತಿತ್ತು. "ನಿಮ್ಮ ಹಳೇ ಬೈಕ್ ಹಸದ ಎಮ್ಮಿ ಇದ್ದಂಗರಿ, ಏನ ಹಾಕಿದ್ರೂ ತಿಂತೈತಿ. ಇದರ ತೂತ ನೋಡ್ರಿಲ್ಲೆ, ಕೂದಲದಷ್ಟ. ಹಳೇ ಪೆಟ್ರೋಲ ಅಂಟ ಬಿಟ್ಟ ಬಾಯಿ ಮುಚ್ಚಿಬಿಡತೈತಿ. ಟಾಕಿ ಒಳಗಿನ ಮೋಟರೂ ಹಿಡದೈತಿ." ಕೈ ಒರೆಸಿಕೊಳ್ಳುತ್ತ ಮತ್ತೊಂದು ಮಾತು ಹೇಳಿದ. "ಓಡಿಸಿದವರದ ಏನೂ ತಪ್ಪಿಲ್ರಿ. ತುಂಬಿದವರದ ತಪ್ಪು. ಅಕ್ಕಾರಿಗೆ ಹೇಳಿಬಿಡ್ರಿ, ಪಾಪ, ಮನಸಿಗೆ ಹಚ್ಕೊಂಡಿರ್ತಾರ."

ಹೇಳುತ್ತೇನೆ ಎಂದೆ.

ನಾಲ್ಕು ದಿನದ ಮೇಲೆ ಕಾರು ಮೊದಲಿನಂತೆ ಓಡಿತು. ಮನೆ ಮುಂದೆ ನಿಲ್ಲಿಸಿದಾಗ ಅಕ್ಕ ಕಿಟಕಿಯ ಬದಿಯ ಹೊಲಿಗೆ ಮಷಿನ್ನಿನ ಮುಂದೆ ಕೂತು ಯಾರದೋ ಜಂಪರಿಗೆ ಗುಂಡಿ ಹಚ್ಚುತ್ತಿದ್ದಳು. ತಲೆ ಎತ್ತದೆ, "ಕ್ಲಚ್ ಸುಟ್ಟಿತ್ತೇನು?" ಎಂದಳು.

ಕಟ್ಟೆಯ ಮೇಲೆ ಕಾಕಾ ಕಿವಿಗೊಟ್ಟು ಕೂತಿದ್ದ. "ಹೂಂ… ಸ್ವಲ್ಪ" ಎಂದೆ.

"ನೀನ ಇಟಗೋ ಕೀಲಿ. ನನ್ನ ಕೈಗಿ ಅದ ಒಗ್ಗಂಗಿಲ್ಲ."

ಕದ್ದದ್ದು ಬಯಲಾದೀತೆಂಬ ಹೆದರಿಕೆ ಇತ್ತು, ನಿಜ. ಆದರೆ ಇನ್ನೊಂದನ್ನೂ ಬರೆಯಬೇಕು. ಆ ಕೀಲಿ ನನ್ನ ಕೈಗೆ ಬಂದದ್ದು ನನಗೆ ಬೇಡವಾಗಿರಲಿಲ್ಲ. ಕಾರಿನಲ್ಲಿ ಹೋದರೆ ಸಂತೆಯಲ್ಲಿ ಜನ ಎದ್ದು ಜಾಗ ಬಿಡುತ್ತಿದ್ದರು.

ಅಕ್ಕ ಹುಬ್ಬಳ್ಳಿಗೆ ಹೋಗಲಿಲ್ಲ. ಕಲಘಟಗಿಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಹನ್ನೆರಡು ವರ್ಷ ಆ ಕಿಟಕಿಯ ಬದಿಯ ಮಷಿನ್ನಿನ ಮುಂದೆಯೇ ಕೂತಳು. ಹೊರಗೆ ಹೋಗಬೇಕೆಂದರೆ, "ತಮ್ಮಾ, ನಿನಗ ಯಾವಾಗ ಆಗತೈತಿ?" ಎಂದು ಕೇಳಬೇಕು. ನನಗೆ ಆದಾಗ ಹೋಗಬೇಕು. ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ತಡವಾದಷ್ಟೂ ಹೇಳುವುದು ಇನ್ನೂ ಕಷ್ಟವಾಯಿತು… ನಾನು ಓಡಿಸುವಾಗ ಅವಳು ಬಾಜೂಕ ಕೂರುತ್ತಿದ್ದಳು. ಏರು ಬಂದಾಗೊಮ್ಮೆ ನನ್ನ ಕಣ್ಣು ಅವಳ ಕಾಲಿಗೆ ಹೋಗುತ್ತಿತ್ತು. ಚಪ್ಪಲಿಯೊಳಗೆ ಎಡಗಾಲು ಇಲ್ಲದ ಕ್ಲಚ್ಚನ್ನು ಒತ್ತಿ ಹಿಡಿದು, ನಿಧಾನಕ್ಕೆ, ಬಹಳ ನಿಧಾನಕ್ಕೆ ಮೇಲೇಳುತ್ತಿತ್ತು. ಮಾಡದ ತಪ್ಪನ್ನು ಅವಳು ಇನ್ನೂ ತಿದ್ದಿಕೊಳ್ಳುತ್ತಿದ್ದಳು.

ಹೋದ ವರ್ಷ ಎದೆನೋವು ಬಂದು ಒಂದೇ ದಿನದಲ್ಲಿ ಹೋದಳು. ದಿನಕರ್ಮ ಮುಗಿದ ಮೇಲೆ ಮಷಿನ್ನಿನ ಡ್ರಾ ತೆಗೆದಾಗ ದಾರದ ಉಂಡೆ, ಗುಂಡಿಗಳ ಅಡಿಯಲ್ಲಿ ಅವಳ ಲೈಸೆನ್ಸು ಸಿಕ್ಕಿತು. ಹಳೆಯದಲ್ಲ. ಮೂರು ವರ್ಷದ ಹಿಂದೆ ಹೊಸದು ಮಾಡಿಸಿದ್ದು. ಫೋಟೋದಲ್ಲಿ ಕೂದಲು ಬೆಳ್ಳಗಾಗಿತ್ತು. ಜಂಪರಿನ ಬಟ್ಟೆ ತರುತ್ತೇನೆಂದು ಒಬ್ಬಳೇ ಬಸ್ಸಿಗೆ ಧಾರವಾಡಕ್ಕೆ ಹೋಗಿದ್ದ ದಿನ ಅಲ್ಲಿನ ಲೈಸೆನ್ಸ್ ಆಫೀಸಿಗೂ ಹೋಗಿರಬೇಕು. ಬಸ್ಸಿಗೆ ಬಿಟ್ಟವನು ನಾನೇ.

ಹೋದ ವಾರ ಕ್ಯಾನಿನ ಮುಚ್ಚಳ ಹಾಕಿದ ಮೇಲೆ ಎದ್ದು ಕಾರಿನ ಹತ್ತಿರ ಹೋದೆ. ಮೈತುಂಬ ಧೂಳು. ಅವಳು ಹೋದ ಮೇಲೆ ಚಾಲೂ ಮಾಡಿಲ್ಲ. ಇದರ ಟಾಕಿಯಲ್ಲಿರುವುದೂ ಈಗ ಕೆಟ್ಟಿರುತ್ತದೆ. ನನ್ನ ಜಾಗದಲ್ಲಿ ಕೂರಲಿಲ್ಲ. ಅವಳು ಕೂರುತ್ತಿದ್ದ ಕಡೆ ಕೂತು ಗಾಜು ಏರಿಸಿ, ಖಾಲಿ ಸ್ಟೇರಿಂಗಿನ ಕಡೆ ತಿರುಗಿ ಹೇಳಿದೆ:

"ನೀ ಕ್ಲಚ್ ಬರೋಬರಿನ ಬಿಟ್ಟಿದ್ದಿ ಬೇ, ಯಕ್ಕಾ."

ಆ ದಿನ ಸೇತುವೆಯ ಮೇಲಿದ್ದಂತೆ ಒಳಗೆಲ್ಲ ಧಗೆ. ಬೆವರು ಕಣ್ಣಿಗಿಳಿಯುವ ತನಕ ಗಾಜು ಇಳಿಸಲಿಲ್ಲ.